ಮಗನ ಬಾಯಿ ಮೂಸಿದ ಬ್ಯಾಸಗಿ

ನನ್ನ ಮಗಗ ನಲವತ್ತೆರಡು ವರ್ಷ. ಎರಡು ಮಕ್ಕಳ ಅಪ್ಪ. ಅಂಥಾವನ ಬಾಯಿ ನಾನು ಒಂದು ಬ್ಯಾಸಗ್ಯಾಗ ಮೂಸಿ ಮೂಸಿ ನೋಡೀನಿ. ನಾಚಿಕಿ ಏನೂ ಬಂದಿಲ್ಲ. ಹೆತ್ತಾಕಿ ನಾನು, ಮೂಸೂ ಹಕ್ಕು ನಂದೈತಿ.

ಅವ ಟಂಟಂ ಹೊಡೀತಾನ. ಮೂರು ಗಾಲಿ ಡಿಸೇಲ್ ಗಾಡಿ. ಮುಂಜಾನೆ ಬೆಟಗೇರಿ ಬಿಟ್ರ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮಂದಿ ಸಿಕ್ಕರ ಶಿಗ್ಲಿ ಮಟ. ತಿರುಗಿ ಅದ ದಾರಿ. ಹಿಂದ ಆರು ಮಂದಿ ಕುಂಡ್ರೂ ಜಾಗಾದಾಗ ಎಂಟು ಮಂದಿ ಕುಂಡ್ರತಾರ, ಮುಂದ ಅವನ ಬಾಜೂಕ ಒಬ್ಬರು ಅರ್ಧ ಕುಂಡಿ ಊರಿ ಜೋತು ಬೀಳತಾರ. ಮ್ಯಾಲೆ ತಗಡು, ಬುಡಕ ಎಂಜಿನ್ನು. ಎಪ್ರಿಲ್ ತಿಂಗಳದಾಗ ಅದರಾಗ ಕುಂತ್ರ ಹಂಚಿನ ಮ್ಯಾಲಿನ ರೊಟ್ಟಿಗೂ ನಮಗೂ ಫರಕ ಇಲ್ಲ. ಮಂದಿ ತಮ್ಮ ಊರು ಬಂದ ಕೂಡಲೆ ಇಳದು ನೆರಳಿಗೆ ಓಡತಾರ. ಹೊಡಿಯವ ಇಳಿಯೂದಿಲ್ಲ. ಅವ ಮುಂಜಾನಿಂದ ಹೊತ್ತು ಮುಣುಗೂತನಕ ಅದ ಹಂಚಿನ ಮ್ಯಾಲೆ.

ಸುದ್ದಿ ತಂದಾಕಿ ನಮ್ಮ ಬಾಜು ಮನ್ಯಾಕಿ. ಸಾಬರ ಹೆಣ್ಮಗಳು, ಬಳಿ ಮಾರತಾಳ. ವಾರಕ್ಕೊಮ್ಮೆ ಬಳಿ ಪೆಟಗಿ ಹೊತ್ಕೊಂಡು ನನ್ನ ಮಗನ ಗಾಡ್ಯಾಗ ಲಕ್ಷ್ಮೇಶ್ವರ ಸಂತಿಗೆ ಹೋಗತಾಳ. ಒಂದಿನ ಸಂಜಿಗೆ ಬಂದು ನಮ್ಮ ಹೊಸ್ತಲದ ಮ್ಯಾಲೆ ಕುಂತ್ಲು. ಕುಂತ ರೀತಿ ನೋಡಿನ ನನಗ ಸಂಶೆ ಬಂತು.

"ಅಕ್ಕಾ, ಸಿಟ್ಟಿಗೇಳಬ್ಯಾಡ."

"ಸಿಟ್ಟಿಗೇಳೂ ಮಾತಿದ್ರ ಏಳತೀನಿ. ಹೇಳು."

"ನಿನ್ನ ಮಗ ಇವತ್ತು ಗಾಡೀನ ಹಾವು ಹೋದಂಗ ಹೊಡದ. ಮಾಗಡಿ ಕೆರಿ ಹತ್ರ ನಾನು ಕಣ್ಣ ಮುಚ್ಚಿಬಿಟ್ಟೆ. ಸಂತಿ ಮುಂದ ಇಳಸೋ ಅಂದ್ರ ದಾಟಿ ಹೋಗಿ ಪೆಟ್ರೋಲ್ ಪಂಪಿನ ಮುಂದ ನಿಲ್ಲಿಸಿದ. ಕಣ್ಣು ಕೆಂಪಗ ಕೆಂಡ. ಎರಡು ಸಲ ಕೇಳಿದ್ರ ಒಂದು ಸಲ ತೊದಲತಾನ."

"ಕುಡದಿದ್ನೇನು?"

"ನಾ ಹಂಗ ಅಂದಿಲ್ಲವಾ. ನೀ ಅಂದಿ."

ಆಕಿ ಮಾತೂ ನಾನು ಪೂರ್ತಿ ನಂಬಲಿಲ್ಲ. ಹ್ವಾದ ತಿಂಗಳ ಇವನ ಗಾಡ್ಯಾಗ ಆಕಿ ಬಳಿ ಪೆಟಗಿ ಮ್ಯಾಲೆ ಯಾರೋ ಕುಂತು ಎರಡು ಡಜನ್ ಬಳಿ ಒಡದಿದ್ರು, ಆ ಸಿಟ್ಟು ಒಳಗ ಇರಬೇಕು ಅಂದ್ಕೊಂಡೆ. ಆದ್ರ ಕುಡಿತ ಅನ್ನೂ ಮಾತು ನನ್ನ ಮನ್ಯಾಗ ಹಗರಲ್ಲ. ನನ್ನ ಗಂಡ ಮಗ್ಗದ ಗುಣಿಯೊಳಗ ಕುಂತು ಸೀರಿ ನೇಯತಿದ್ದ, ನೂಲು ಸುತ್ತಿದ ಕಂಡಿಕಿ ಬುಟ್ಟಿಯೊಳಗ ಬಾಟ್ಲಿ ಮುಚ್ಚಿಡತಿದ್ದ. ನಾ ದಿನಾ ಆ ಬುಟ್ಟೀಗೆ ಕಂಡಿಕಿ ಸುತ್ತಿ ಹಾಕಾಕಿ, ಮೂರು ವರ್ಷ ನನಗ ಗೊತ್ತಾಗಲಿಲ್ಲ. ಉಳ್ಳಾಗಡ್ಡಿ ಕಡದು ಬಾಯಿ ವಾಸನಿ ಮುಚ್ಚತಿದ್ದ. ಗೊತ್ತಾಗೂದ್ರಾಗ ಅವನ ಹೊಟ್ಟಿ ಉಬ್ಬಿತ್ತು, ಕಥಿ ಮುಗದಿತ್ತು. ಅಲ್ಲಿಂದ ಇಲ್ಲೀತನಕ ನಾನು ಯಾರ ಮಾತನ್ನೂ ಬಾಯಿಮಾತಿನ ಮ್ಯಾಲೆ ನಂಬಿಲ್ಲ.

ಅದಕ್ಕಿಂತ ದೊಡ್ಡದು ಅಂದ್ರ, ಬರೂ ಐತವಾರ ಸೊಸಿ, ಮೊಮ್ಮಗಳು, ಸಣ್ಣ ಮೊಮ್ಮಗ, ಎಲ್ಲಾರೂ ಅದ ಗಾಡ್ಯಾಗ ಮುಂಡರಗಿಗೆ ಹೋಗವ್ರಿದ್ರು. ಸೊಸಿ ತೌರುಮನಿ ಅದು, ಸಾಲಿ ಸೂಟಿ ಬಿಟ್ಟಿತ್ತು. ನನ್ನ ಕೈಯಾಗ ಐದು ದಿನ ಇದ್ವು. ಅಷ್ಟರಾಗ ಖರೆ ಏನು ಅಂತ ನನಗ ತಿಳೀಬೇಕಿತ್ತು. ಕುಡದದ್ದು ಖರೆ ಆದ್ರ ಕೀಲಿ ಕಸಗೊಂಡು ಭೀಷ್ಮ ಕೆರಿಗೆ ಒಗಿಯೂದು ಅಂತ ಮನಸಿನಾಗ ಮಾಡಿಟ್ಟಿದ್ದೆ.

ಅವತ್ತ ಸಂಜಿಗೆ ಅವ ಬಂದು ಗಾಡಿ ನಿಲ್ಲಿಸಿದ ಕೂಡಲೆ ಕರದೆ.

"ಬಾ ಇಲ್ಲೆ. ಬಾಯಿ ತಗಿ."

"ಯಾಕವ್ವಾ?"

"ಹಲ್ಲು ನೋಡತೀನಿ."

"ನಾನೇನು ಎತ್ತು? ಸಂತ್ಯಾಗ ಮಾರತೀಯೇನು?"

"ನಿನ್ನ ತಗೊಳ್ಳಾಕ ಯಾರ ಬರತಾರಲೇ? ತಗಿ."

ಉಳ್ಳಾಗಡ್ಡಿ ವಾಸನಿ. ಬರೇ ಉಳ್ಳಾಗಡ್ಡಿ. ಅವರಪ್ಪನ ಬಾಯಿ ನೆನಪಾತು.

ನಮ್ಮ ಕಡೆ ಬ್ಯಾಸಗ್ಯಾಗ ಬಿಸಲಿಗೆ ಹೋಗವ್ರು ಕಿಸೇದಾಗ ಒಂದು ಉಳ್ಳಾಗಡ್ಡಿ ಇಟ್ಕೋತಾರ. ಝಳ ಎಲ್ಲಾ ಗಡ್ಡಿ ಎಳಕೋತೈತಿ, ಮನಷಾಗ ಬಡಿಯೂದಿಲ್ಲ ಅಂತ. ಎಳಕೋತೈತೋ ಇಲ್ಲೋ ದೇವರಿಗೆ ಗೊತ್ತು, ನಾನಂತೂ ದಿನಾ ಅವನ ಅಂಗಿ ಕಿಸೇದಾಗ ಒಂದು ಇಡತಿದ್ದೆ. ಕಿಸೇದಾಗ ಇಡೂದು ಅದು, ತಿನ್ನೂದಲ್ಲ. ಮರುದಿನ ಅಂಗಿ ಒಗ್ಯಾಕ ತಗೊಂಡ್ರ ಗಡ್ಡಿ ಅರ್ಧ ಇತ್ತು, ಅದರ ಮ್ಯಾಲೆ ಹಲ್ಲು ಮೂಡಿದ್ವು. ಅದರ ಮರುದಿನಾನೂ ಹಂಗ. ಅಪ್ಪನ ದಾರಿ ಹಿಡದ ಮಗ ಅಂದೆ.

ಸೊಸಿನ್ನ ಕೇಳಿದೆ. ಆಕಿ ತೆಲಿ ತಗ್ಗಿಸಿದ್ಲು.

"ಬಂದ ಕೂಡಲೆ ತೆಲಿನೋವು ಅಂತ ಗ್ವಾಡಿಗೆ ಒರಗತಾರ್ರಿ ಅತ್ತಿ. ಊಟ ಸೇರಂಗಿಲ್ಲ. ಒಂದಕ್ಕ ಹೋದ್ರ ಉರಿ ಅಂತಾರ."

"ಎಷ್ಟು ದಿನಾತು?"

"ಯುಗಾದಿಯಿಂದ."

"ನನಗ್ಯಾಕ ಹೇಳಿಲ್ಲ?"

"ನಿಮಗ ಹೇಳಿದ್ರ ನೀವು ಓಣಿಗೆಲ್ಲಾ ಕೇಳೂವಂಗ ಬೈತೀರಿ."

ಅದು ಖರೆ ಮಾತು. ಆದ್ರ ಉರಿ ಅಂದದ್ದು ಕೇಳಿ ನನ್ನ ಸಂಶೆ ಮತ್ತೊಂದು ಗೇಣು ಬೆಳೀತು. ನನ್ನ ಗಂಡನೂ ಉರಿ ಉರಿ ಅಂತಿದ್ದ.

ಶುಕ್ರಾರ ಮುಂಜಾನೆ ಎರಡು ಸೀರಿ ಗಂಟು ಕಟಗೊಂಡು ಗಾಡಿ ಮುಂದ ನಿಂತೆ. ಶಿಗ್ಲಿಯೊಳಗ ಒಬ್ಬಾಕಿಗೆ ಕೊಡೂ ಸೀರಿ ಅವು.

"ಫೋನ್ ಮಾಡಿದ್ರ ಆಕೀನ ಬಂದು ಒಯ್ತಾಳ," ಅಂದ ಮಗ. "ಈ ಬಿಸಲಾಗ ನೀ ಯಾಕ ಬರತಿ?"

ಬ್ಯಾಡ ಅಂದದ್ದಕ್ಕ ನನಗ ಹೋಗೂದು ಖಾತ್ರಿ ಆತು. ಹೋಗಿ ಮುಂದಿನ ಸೀಟಿನಾಗ ಅವನ ಬಾಜೂಕ ಕುಂತೆ. ಅಲ್ಲಿಂದ ಅವನ ಕೈ, ಕಾಲು, ಬಾಯಿ, ಎಲ್ಲಾ ಕಾಣತಾವು.

ಹೋಗೂ ಮುಂದ ಚೊಲೋನ ಹೊಡದ. ತೆಲಿಗೆ ಹಸಿ ಟವೆಲ್ ಸುತಗೊಂಡಿದ್ದ, ಅದು ಶಿರಹಟ್ಟಿ ಮುಟ್ಟೂದ್ರಾಗ ಒಣಗಿ ಹಪ್ಪಳ ಆತು. ಕಾಲ ಬಲ್ಲೆ ಐದು ಲೀಟರಿನ ನೀರಿನ ಕ್ಯಾನು. ಲಕ್ಷ್ಮೇಶ್ವರ ಸ್ಟ್ಯಾಂಡಿನಾಗ ಮಂದೀನ ಇಳಿಸಿ, ಕ್ಯಾನು ಹಿಡಕೊಂಡು ಇಳದ. ರೇಡಿಯೇಟರಿಗೆ ನೀರು ಹಾಕಿದ. ಆಮ್ಯಾಲೆ ತಗಡಿನ ಶೆಡ್ಡಿನ ಹಿಂದ ಹೋದ. ನಾನೂ ಇಳದು ಹಿಂದ ಹಿಂದ ಹೋಗಿ ಮೂಲ್ಯಾಗ ನಿಂತು ನೋಡಿದೆ.

ನಳದ ಮುಂದ ನಿಂತಿದ್ದ. ಬೊಗಸಿ ನೀರು ಬಾಯಿಗೆ ಹಾಕಿ ಗಳಗಳ ಮುಕ್ಕಳಿಸಿ ಉಗುಳಿದ. ಮತ್ತ ಹಾಕಿದ, ಮತ್ತ ಉಗುಳಿದ. ನಾಕು ಸಲ. ಒಂದು ಗುಟುಕೂ ಒಳಗ ಬಿಡಲಿಲ್ಲ. ಬಾಯಿ ತೊಳಿಯೂದು ಯಾರು? ಬಾಯಾಗ ಏನರ ಇದ್ದವ ತೊಳೀತಾನ. ನನಗ ಸಾಕ್ಷಿ ಸಿಕ್ಕಂಗಾತು.

ಅವ ಬರೂದ್ರಾಗ ಓಡಿ ಬಂದು ಸೀಟು ಎತ್ತಿ ಬುಡಕ ಕೈ ಹಾಕಿದೆ. ಬಾಟ್ಲಿ! ಬಿರಡಿ ಬಿಚ್ಚಿ ಮೂಸಿದೆ. ಎಂಜಿನ್ ಆಯಿಲ್ಲು. ಮೂಗಿಗೆ ಮೆತಗೊಂಡ್ತು. ಸೆರಗಿನಿಂದ ಒರಸಿಕೊಳ್ಳೂದ್ರಾಗ ಅವ ಬಂದ.

"ಮೂಗಿಗೇನಾತವ್ವಾ?"

"ಕಾಡಿಗಿ ಹಚ್ಚಿಕೊಂಡೀನಿ. ನೀ ಗಾಡಿ ಹೊಡಿ."

ಶಿಗ್ಲಿಯಾಗ ಸೀರಿ ತಗೊಂಡಾಕಿ ಎರಡು ಚರಿಗಿ ತಣ್ಣನ ಮಜ್ಜಿಗಿ ತಂದ್ಲು, ಕೊತ್ತಂಬರಿ ತೇಲತಿತ್ತು. ನಾ ಬ್ಯಾಡ ಅಂದೆ. ಹಾದಿ ಹಿಡದಾಗ ನಾನು ನೀರು, ಮಜ್ಜಿಗಿ, ಚಾ, ಏನೂ ಮುಟ್ಟೂದಿಲ್ಲ, ಅದು ನನ್ನ ಹಳೇ ಚಾಳಿ. ಮಗನೂ ಬ್ಯಾಡ ಅಂದ. ನಾ ಬ್ಯಾಡ ಅಂದದ್ದು ನನಗ ಸರಿ ಕಂಡ್ತು. ಅವ ಬ್ಯಾಡ ಅಂದದ್ದು ಸರಿ ಕಾಣಲಿಲ್ಲ. ಇಂಥಾ ಬಿಸಲಾಗ ಮಜ್ಜಿಗಿ ಒಲ್ಲೆ ಅನ್ನವ ಬ್ಯಾರೆ ಏನೋ ಕುಡದಿರಬೇಕು.

ತಿರುಗಿ ಬರೂವಾಗ ನಡು ಮಧ್ಯಾಹ್ನ. ಲಕ್ಷ್ಮೇಶ್ವರದಾಗ ಎಂಟು ಮಂದಿ ಹತ್ತಿದ್ರು. ನನ್ನ ಬೆನ್ನ ಹಿಂದ ಒಬ್ಬ ರುಮಾಲಿನ ಮುದುಕ, ಮೆಣಸಿನಕಾಯಿ ಚೀಲದ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ದ. ಗಾಳಿ ಒಲಿಯೊಳಗಿಂದ ಬಂದಂಗ ಬರತಿತ್ತು. ಮಾಗಡಿ ಕೆರಿ ತಳ ಕಂಡಿತ್ತು, ಚಳಿಗಾಲದಾಗ ಬರೂ ಪರದೇಶದ ಹಕ್ಕಿ ಒಂದೂ ಇರಲಿಲ್ಲ. ಶಾಣ್ಯಾ ಹಕ್ಕಿ ಅವು, ಬ್ಯಾಸಗಿ ಬರೂಕಿಂತ ಮೊದಲ ಹಾರಿ ಹೋಗತಾವು.

ನನ್ನ ಬೆನ್ನಿಗೆ ಬೆವರು ಹರೀತಿತ್ತು. ಮಗನ ಅಂಗಿ ನೋಡಿದೆ. ಒಣಗಿತ್ತು.

"ಯಾಕಲೇ, ನಿನಗ ಬೆವರ ಬಂದಿಲ್ಲ?"

"ರೂಢಿ ಐತಿ," ಅಂದ. ಅಂದದ್ದು ಹಂಗ ಕೇಳಿಸಲಿಲ್ಲ, "ಲೂಢಿ" ಅಂದಂಗ ಕೇಳಿಸ್ತು.

ಮಾಗಡಿ ದಾಟಿ ಸ್ವಲ್ಪ ಮುಂದ ಹೋಗಿದ್ವಿ. ಎದುರಿಗೆ ಮೆಕ್ಕಿಜೋಳದ ಕಣಕಿ ಹೇರಿದ ಟ್ರ್ಯಾಕ್ಟರ್ ಬರತಿತ್ತು. ರಸ್ತೆ ಅಗಲ ತುಂಬಿ ಬರತಿತ್ತು. ಇವ ಬಾಜೂಕ ತಗೋಬೇಕು, ತಗೊಳ್ಳಲಿಲ್ಲ. ಮಾರಿ ನೋಡಿದೆ. ಕಣ್ಣು ತೆರದಿದ್ವು, ಆದ್ರ ಅವು ಏನನ್ನೂ ನೋಡತಿರಲಿಲ್ಲ. ನಾನು ಹ್ಯಾಂಡಲ್ ಹಿಡದು ನನ್ನ ಕಡೆ ಜಗ್ಗಿದೆ, ಇನ್ನೊಂದು ಕೈಲೆ ಅವನ ಕಪಾಳಕ್ಕ ಬಾರಿಸಿದೆ. ಬ್ರೇಕ್ ಒತ್ತಿದ. ಗಾಡಿ ರಸ್ತೆ ಬಿಟ್ಟು ಇಳದು ಒಂದು ಬೇವಿನ ಗಿಡದ ಬುಡಕ ನಿಂತ್ತು. ಟ್ರ್ಯಾಕ್ಟರಿನ ಕಣಕಿ ನಮ್ಮ ತಗಡಿಗೆ ಸವರಿ ಹೋತು. ಹಿಂದ ಹೆಣ್ಮಕ್ಕಳು ಒದರಾಕ ಹತ್ತಿದ್ರು.

ಮಗ ಇಳದ, ಎರಡು ಹೆಜ್ಜಿ ಇಟ್ಟ, ಮೊಣಕಾಲ ಮ್ಯಾಲೆ ಕುಸದ.

"ಕುಡದಾನ! ಕುಡದಾನ!" ಅಂದ್ಲು ಒಬ್ಬಾಕಿ.

ಅಷ್ಟು ದಿನ ಅದ ಮಾತು ನಾನು ಅಂತಿದ್ದೆ. ಬ್ಯಾರೇದವ್ರ ಬಾಯಾಗ ಕೇಳಿದಾಗ ಬ್ಯಾನಿ ಆತು. ಕುಂತು ಅವನ ಬಾಯಿ ತಗದು ಮೂಸಿದೆ. ಸೆರೆ ವಾಸನಿ ಇಲ್ಲ. ಉಳ್ಳಾಗಡ್ಡಿ ಐತಿ. ಬೆರಳು ಹಾಕಿ ನಾಲಿಗಿ ಮುಟ್ಟಿ ನೋಡಿದೆ. ಮಗ್ಗದ ಎಳಿಗೆ ಗಂಜಿ ಹಚ್ಚಿ ಬಿಸಲಿಗೆ ಹಾಕಿದ್ರ ಹೆಂಗ ಬಿರಸ ಆಗತೈತಿ, ಹಂಗಿತ್ತು. ಬಾಯಾಗ ಉಗುಳ ಇರಲಿಲ್ಲ. ಮೈ ಸುಡತಿತ್ತು.

"ಕುಡದಿಲ್ಲವಾ ಇವ," ಅಂದ ರುಮಾಲಿನ ಮುದುಕ, ಚೀಲಾ ಬಿಟ್ಟು ಇಳದು ಬಂದು. "ಇವಗ ಝಳಾ ಬಡದೈತಿ. ನೀರು ಎಲ್ಲೈತಿ?"

ಗಾಡೀದು ಅಂತ ಇಟ್ಟಿದ್ದ ಕ್ಯಾನು ಅರ್ಧ ತುಂಬಿತ್ತು. ಅವನ ಕಾಲ ಬಲ್ಲೆ ಮುಂಜಾನಿಂದ ಇತ್ತು. ಮುದುಕ ಅದನ್ನ ಅವನ ತೆಲಿ ಮ್ಯಾಲೆ, ಎದಿ ಮ್ಯಾಲೆ ಸುರುವಿದ. ಹೆಣ್ಮಕ್ಕಳು ಸೆರಗು ತೋಯಿಸಿ ಗಾಳಿ ಹಾಕಿದ್ರು. ಕುಡದಾನ ಅಂದಾಕೀನ ಎಲ್ಲಾರಿಗಿಂತ ಜೋರ ಗಾಳಿ ಹಾಕಿದ್ಲು.

ಹಿಂದಿನಿಂದ ಬಂದ ಇನ್ನೊಬ್ಬ ಟಂಟಂದವ ನಮ್ಮನ್ನ ಹತ್ತಿಸ್ಕೊಂಡು ಶಿರಹಟ್ಟಿ ದವಾಖಾನಿಗೆ ಓಡಿಸಿದ. ಹಾದ್ಯಾಗ ಅವ ಒಂದು ಮಾತಂದ.

"ಇವನ್ನ ಸ್ಟ್ಯಾಂಡಿನಾಗ ನಾವು ಒಂಟಿ ಅಂತೀವ್ರಿ ಅವ್ವಾರ."

"ಯಾಕ?"

"ಮರಳುಗಾಡಿನ ಒಂಟಿಯಂಗ ನೀರಿಲ್ಲದ ಓಡತಾನಲ್ರಿ. ನಾವು ಚಾ ಅಂತೀವಿ, ಒಂದಕ್ಕ ಅಂತೀವಿ, ಎರಡು ಸಲ ನಿಲ್ಲಸತೀವಿ. ಇವ ನಿಲ್ಲಸಂಗಿಲ್ಲ. ಅದಕ ಮಂದಿ ಇವನ ಗಾಡೀನ ಹತ್ತತಾರ, ಜಲ್ದಿ ಮುಟ್ಟಸತಾನ ಅಂತ."

ದವಾಖಾನ್ಯಾಗ ಸಲಾಯಿನ್ ಹಚ್ಚಿದ್ರು. ಎರಡನೇ ಬಾಟ್ಲಿ ಅರ್ಧ ಆದ ಮ್ಯಾಲೆ ಕಣ್ಣು ಬಿಟ್ಟ. ಡಾಕ್ಟರ್ ಅಂದ್ರ ಸಣ್ಣ ಹುಡಿಗಿ, ನನ್ನ ಮೊಮ್ಮಗಳಿಗಿಂತ ಹತ್ತ ಹನ್ನೆರಡು ವರ್ಷ ದೊಡ್ಡಾಕಿ ಇರಬೇಕು.

"ಗಾಡಿ ಹೊಡಿಯೂ ಮುಂದ ದಿನಕ್ಕ ಎಷ್ಟು ನೀರು ಕುಡೀತೀರಿ?" ಅಂತ ಕೇಳಿದ್ಲು.

ಮಗ ಆಕೀನ್ನ ನೋಡಲಿಲ್ಲ. ನನ್ನ ನೋಡಿದ.

"ಕುಡಿಯೂದಿಲ್ಲ," ಅಂದ. "ಮುಂಜಾನೆ ಚಾ. ಮತ್ತ ಸಂಜಿಗೆ ಮನಿಗೆ ಬಂದು."

"ಬಾಯಿ ಒಣಗಿದ್ರ?"

"ಉಳ್ಳಾಗಡ್ಡಿ ಕಡೀತೀನಿ. ಮುಕ್ಕಳಿಸಿ ಉಗುಳತೀನಿ."

ಡಾಕ್ಟರ್ ಹುಡಿಗಿ ಪೆನ್ನು ಕೆಳಗಿಟ್ಲು. "ಯಾಕ?"

"ಕುಡದ್ರ ಇಳೀಬೇಕಾಗತೈತಿ. ಗಾಡಿ ತುಂಬ ಹೆಣ್ಮಕ್ಕಳು ಕುಂತಿರತಾರ. ಅವರನ್ನ ಬಿಸಲಾಗ ಕುಂಡ್ರಿಸಿ ನಾ ಜಾಲಿ ಕಂಟಿ ಹಿಂದ ಹೋಗಿ ನಿಲ್ಲೂದು ಹೆಂಗ್ರಿ? ಹಾದಿ ಹಿಡದ್ರ ಬಾಯಿಗೆ ನೀರು ಹಾಕಬಾರದು." ಆಮ್ಯಾಲೆ ಸಾವಕಾಶ ಅಂದ, "ನಮ್ಮವ್ವ ಕಲಿಸಿದ್ದು."

ನನಗ ನೆನಪಾತು. ಅವಗ ಆಗ ಆರು ವರ್ಷ. ಗಂಡ ನೇಯ್ದ ಸೀರಿ ತಗೊಂಡು ನಾನು ಶಿರಹಟ್ಟಿ, ಮುಂಡರಗಿ, ಊರೂರು ಬಸ್ಸಿನಾಗ ತಿರಗತಿದ್ದೆ, ಇವ ಬಗಲಾಗ. ಹೆಣ್ಮಕ್ಕಳಿಗೆ ಹೋಗಾಕ ಎಲ್ಲೂ ಜಾಗಾ ಇರತಿರಲಿಲ್ಲ, ಈಗೂ ಬಾಳ ಕಡೆ ಇಲ್ಲ. ಅದಕ ಮುಂಜಾನೆ ಮನಿ ಬಿಟ್ರ ಸಂಜಿಮಟ ಗುಟುಕು ನೀರು ಮುಟ್ಟತಿರಲಿಲ್ಲ. ನಾನಷ್ಟ ಅಲ್ಲ, ನಮ್ಮ ಓಣಿ ಹೆಣ್ಮಕ್ಕಳೆಲ್ಲಾ ಹಂಗ. ಒಂದಿನ ಇವ ನಳಕ್ಕ ಬಾಯಿ ಹಚ್ಚಿ ಹೊಟ್ಟಿ ತುಂಬ ಕುಡದು ಬಸ್ ಹತ್ತಿದ. ಹಾದ್ಯಾಗ ತಡೀಲಾರದ ಸೀಟಿನ ಮ್ಯಾಲೆ ಬಿಟ್ಟ. ಕಂಡಕ್ಟರ್ ಎಲ್ಲಾರ ಮುಂದ ನನ್ನ ಬೈದ. ನಾನು ಇವಗ ಎರಡು ಬಿಟ್ಟು, ಹಾದಿ ಹಿಡದ್ರ ಬಾಯಿಗೆ ನೀರು ಹಾಕಬ್ಯಾಡ ಅಂತ ಹೇಳಿದ್ದೆ. ಅಳಕೋತ ಹೂಂ ಅಂದಿದ್ದ.

"ಹೇಳಿದ್ದು ಆರು ವರ್ಷದವಗ," ಅಂದೆ. "ನಲವತ್ತೆರಡರಾಗೂ ಹಂಗ ಮಾಡು ಅಂತ ನಾ ಅಂದಿದ್ನೇನು?"

"ಬಿಡು ಅಂತನೂ ಹೇಳಿರಲಿಲ್ಲಲ್ಲ."

ಸಿಟ್ಟು ಬಂತು ನನಗ. ನನ್ನ ತಪ್ಪು ಇರೂ ಕಡೆ ನನಗ ಮೊದಲ ಸಿಟ್ಟ ಬರೂದು.

"ರೇಡಿಯೇಟರಿಗೆ ನೀರು ಹಾಕೂದು ನಾ ಕಲಿಸಿದ್ನೇನು? ಅದನ್ನ ಮಾತ್ರ ಒಂದ ದಿನ ಮರಿಯೂದಿಲ್ಲ. ಗಾಡಿ ಸುಟ್ರ ಎಂಜಿನ್ ಹೋಗತೈತಿ ಅಂತ ಗೊತ್ತೈತಿ ನಿನಗ. ನೀ ಸುಟ್ರ? ಹಿಂದ ಎಂಟು ಮಂದಿ, ಬಾಜೂಕ ನಾನು. ಐತವಾರ ನಿನ್ನ ಮಕ್ಕಳು ಕುಂಡ್ರವ್ರಿದ್ರು. ಹ್ಯಾಂಡಲ್ ಹಿಡದವ ನೀನು. ನಿನ್ನ ಜೀವ ಕಾಯೂದು ಅವ್ವನ ಕೆಲಸಲ್ಲಲೇ ಈಗ, ನಿನ್ನ ಕೆಲಸ."

ಡಾಕ್ಟರ್ ಹುಡಿಗಿ ನನ್ನ ಕಡೆ ತಿರಗಿದ್ಲು.

"ಅಜ್ಜಿ, ನೀವು ಒಂದಿಷ್ಟು ನಾಲಿಗಿ ತೋರಸ್ರಿ."

"ನನಗೇನಾಗಿಲ್ಲ."

"ತೋರಸ್ರಿ."

ತೋರಿಸಿದೆ. ಆಕಿ ಒಂದು ಗ್ಲಾಸ್ ನೀರಿಗೆ ಪುಡಿ ಕಲಿಸಿ ನನ್ನ ಕೈಗೆ ಕೊಟ್ಲು. ಮಗ ಹಾಸಿಗ್ಯಾಗಿಂದ ನೋಡಕೋತ ನಗತಿದ್ದ.

ಐತವಾರದ ಮುಂಡರಗಿ ಎರಡು ವಾರ ಮುಂದ ಹೋತು. ನಾಕು ದಿನ ಅವ ಮನ್ಯಾಗ ಇದ್ದ. ಮತ್ತ ಗಾಡಿ ತಗದಾಗ ಎರಡು ಕ್ಯಾನು ಒಯ್ಯಾಕ ಶುರು ಮಾಡಿದ, ಒಂದು ಗಾಡೀದು, ಒಂದು ಅವಂದು. ಅವಂದು ಸಂಜಿಗೆ ಖಾಲಿ ಬರತಿತ್ತು. ನನಗ ನಂಬಿಕಿ ಬರಲಿಲ್ಲ. ಖಾಲಿ ಆದ್ರ ಕುಡದಾನ ಅಂತೇನು? ಅದನ್ನೂ ರೇಡಿಯೇಟರಿಗೆ ಸುರುವಿರಬಹುದು, ಸ್ಟ್ಯಾಂಡಿನಾಗ ಚೆಲ್ಲಿರಬಹುದು. ಸೆರೆ ಕುಡದವನ್ನ ಮೂಸಿ ಹಿಡೀಬಹುದು. ನೀರಿಗೆ ವಾಸನಿ ಇಲ್ಲ. ಹಂಗಾಗಿ ಮೂಸೂದು ಬಿಟ್ಟು ನಾಲಿಗಿ ನೋಡಾಕ ಹಿಡದೆ. ಮೊಮ್ಮಗಳೂ ಕಲತ್ಲು. ಅಪ್ಪ ಬಂದ ಕೂಡಲೆ "ನಾಲಿಗಿ!" ಅಂತ ಒದರತಿದ್ಲು.

ಬಳಿ ಮಾರಾಕೀಗೆ ನಿಗಾ ಇಡು ಅಂತ ಹೇಳಿದ್ದೆ. ಸಂತಿ ದಿನ ಸಂಜಿಗೆ ಬಂದು ವರದಿ ಒಪ್ಪಿಸಿದ್ಲು.

"ನಿಲ್ಲಿಸಿದ ಅಕ್ಕಾ, ಎರಡು ಸಲ. ಮಂದಿ ಬೈದ್ರು, ಈ ಒಂಟಿಗೆ ಏನಾತು ಅಂತ."

"ನೀ ಬೈದ್ಯೇನು?"

"ನಾ ಯಾಕ ಬೈಲಿ? ನಾನೂ ಇಳದೆ." ಆಮ್ಯಾಲೆ ದನಿ ಸಣ್ಣ ಮಾಡಿದ್ಲು. "ನಾ ಇಳದದ್ದು ನೋಡಿ ಎಲ್ಲಾ ಹೆಣ್ಮಕ್ಕಳು ಇಳದ್ರು. ಒಬ್ಬಾಕಿ ಸೀರಿ ಅಡ್ಡ ಹಿಡದ್ಲು. ಎಷ್ಟು ವರ್ಷದಿಂದ ತಡಕೊಂಡು ಕುಂತಿದ್ವೋ ಏನೋ."

ಮುಂದಿನ ಐತವಾರ ಮುಂಜಾನೆ ಎಲ್ಲಾರೂ ಗಾಡಿ ಹತ್ತಿದ್ವಿ. ಕೀಲಿ ತಿರುವೂಕಿಂತ ಮೊದಲ ಮಗ ಒಂದು ತಂಬಿಗಿ ನೀರು ನನ್ನ ಮುಂದ ಹಿಡದ.

"ಮೊದಲ ನೀ ಕುಡಿ. ಆಮ್ಯಾಲೆ ನಾ."

"ನಾ ಗಾಡಿ ಹೊಡಿಯಾಕಿ ಅಲ್ಲ."

"ಹಂಗಾರ ಗಾಡಿ ಹೊಂಡೂದಿಲ್ಲ. ಕುಂಡ್ರು ಇಲ್ಲೆ."

ಕುಡದೆ. ಪೂರ್ತಿ ತಂಬಿಗಿ. ಅವ ನನ್ನ ಗದ್ದ ಹಿಡದು ಎತ್ತಿದ.

"ನುಂಗಿದಿ? ಬಾಯಿ ತಗಿ."

ಸೊಸಿ ಸೆರಗು ಬಾಯಿಗೆ ಇಟ್ಕೊಂಡು ನಕ್ಕಳು. ನಾನು ಬಾಯಿ ತಗದು ತೋರಿಸಿದೆ. ಅವನೂ ಒಂದು ತಂಬಿಗಿ ಕುಡದ.

ಗದಗ ದಾಟಿ ಮುಂಡರಗಿ ರಸ್ತೆಗೆ ಬಿದ್ದು ಅರ್ಧ ತಾಸಾಗಿತ್ತು, ನನಗ ಶುರು ಆತು. ಕಾಲು ಒತ್ತಿ ಕುಂತೆ. ಹೊಲ ನೋಡಿದೆ, ಪಂಖ ತಿರುಗೂ ಗಾಳಿ ಕಂಬ ಎಣಿಸಿದೆ. ನಲವತ್ತು ವರ್ಷದ ರೂಢಿ ಒಂದು ತಂಬಿಗ್ಯಾಗ ಹೋಗೂದಿಲ್ಲ. ಬಾಜೂಕ ನೋಡಿದ್ರ ಮಗನೂ ಸೀಟಿನ ಮ್ಯಾಲೆ ಆ ಕಡೆ ಈ ಕಡೆ ಸರೀತಿದ್ದ. ವಾರಿಗಣ್ಣಿಲೆ ನನ್ನ ನೋಡಿದ, ನಾ ನೋಡಿದ ಕೂಡಲೆ ರಸ್ತೆ ನೋಡಿದ. ನಾ ಮೊದಲ ಬಾಯಿ ಬಿಡಲಿ ಅಂತ ಅವ, ಅವ ನಿಲ್ಲಸಲಿ ಅಂತ ನಾನು. ನಾ ಸುಮ್ಮ ಕುಂತ್ರ ಅವ ನಿಲ್ಲಸೂದಿಲ್ಲ, ಅದು ನನಗ ಗೊತ್ತಿತ್ತು. ನಾಳೆನೂ ನಿಲ್ಲಸೂದಿಲ್ಲ. ಆಮ್ಯಾಲೆ ಕುಡಿಯೂದೂ ಬಿಡತಾನ.

"ಗಾಡಿ ನಿಲ್ಲಸು," ಅಂದೆ.

"ಯಾಕವ್ವಾ?"

"ಯಾಕಂತಾನ ನೋಡು! ನಿಲ್ಲಸಂದ್ರ ನಿಲ್ಲಸಲೇ!"

ನಿಲ್ಲಿಸಿದ. ನಾನು ಸೊಸಿ ಕೈ ಹಿಡಕೊಂಡು ಜಾಲಿ ಕಂಟಿ ಹಿಂದ ಹೋದೆ. ಅವ ರಸ್ತೆ ಆ ಕಡೆ ಓಡಿದ. ಮೊಮ್ಮಗಳು ಗಾಡ್ಯಾಗಿಂದ, "ಅಜ್ಜಿ, ಜಲ್ದಿ, ಬಸ್ ಬರಾಕತ್ತೈತಿ!" ಅಂತ ಊರಿಗೆ ಕೇಳೂವಂಗ ಒದರಿದ್ಲು. ಬಸ್ ಬಂತು, ಹೋತು. ನೋಡಿದವ್ರು ನೋಡಿದ್ರು.

ತಿರುಗಿ ಬಂದಾಗ ಮಗ ಗಾಡಿ ನೆರಳಿಗೆ ನಿಂತಿದ್ದ. ತನ್ನ ಕ್ಯಾನು ಎತ್ತಿ ಬಾಯಿಗೆ ಹಚ್ಚಿದ. ನಾನು ಎದುರಿಗೆ ನಿಂತು ಅವನ ಗಂಟಲ ನೋಡಿದೆ. ಏರಿತು, ಇಳೀತು. ಒಂದು, ಎರಡು, ಮೂರು. ಮೂರಕ್ಕ ನಿಲ್ಲಿಸಿ ಬಿರಡಿ ಹಾಕಾಕ ಹೋದ.

"ಇನ್ನಾ," ಅಂದೆ.

ಆರನೇ ಗುಟುಕು ಇಳಿಯೂದನ್ನ ಕಣ್ಣಾರೆ ನೋಡೂತನಕ ನಾನು ಗಾಡಿ ಹತ್ತಲಿಲ್ಲ.